ಅಂಗಡಿಗೆ ಬೀಗ ಹಾಕಿದರೆ ಸಾಲದು: ವ್ಯಾಪಾರದಲ್ಲಿ ಸೈಬರ್ ಭದ್ರತೆ ಮತ್ತು ಹೊಸ ತಂತ್ರಜ್ಞಾನದ ಅಪಾಯಗಳು

(ಕೈವಾರದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ವಹಿಸಿದ ವಿಷಯ ವ್ಯಾಪಾರದಲ್ಲಿ ಸೈಬರ್ ಭದ್ರತೆ. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಓದಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಬೇಟಾ, ಇದೆಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳ ತಲೆನೋವು. ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ, ಟೊಮೆಟೊ ಮಂಡಿ, ಸಣ್ಣಪುಟ್ಟ ಅಂಗಡಿ. ನಮಗೇಕೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷಗಳಿಂದ ಕಂಪನಿಗಳ ಗಣಕಯಂತ್ರ ಜಾಲಗಳ ಭದ್ರತೆಯನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಆದರೆ ಅವರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ. ಶಿಡ್ಲಘಟ್ಟದ ನನ್ನ ಮಾಮು ಅವರ ಮನೆಯಲ್ಲಿ.

ಅದಕ್ಕೂ ಮೊದಲು ಒಂದು ಮಾತು. ಇದು ಯೋಗಿ ನಾರೇಯಣ ತಾತಯ್ಯನವರ ಊರು. ಅವರು ಬಳೆ ವ್ಯಾಪಾರ ಮಾಡಿ ಬದುಕಿದವರೆಂದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬಳೆ ಮಾರುವವರು ಎದುರಿಗೆ ಕುಳಿತು, ಕೈ ನೋಡಿ, ಅಳತೆ ನೋಡಿ ವ್ಯಾಪಾರ ಮಾಡುತ್ತಾರೆ. ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದುದೂ ಹಾಗೆಯೇ. ಕೊಡುವವನ ಮುಖ ಕೊಳ್ಳುವವನಿಗೆ ಗೊತ್ತು, ಕೊಳ್ಳುವವನ ಮನೆ ಕೊಡುವವನಿಗೆ ಗೊತ್ತು. ನಂಬಿಕೆ ಎಂಬುದು ಮುಖದಲ್ಲಿತ್ತು.

2016ರಲ್ಲಿ ಯುಪಿಐ ಬಂತು. ಗೂಡಿನ ಮಾರುಕಟ್ಟೆಯಲ್ಲಿ ತೂಕ, ಹರಾಜು, ಪಾವತಿ ಎಲ್ಲವೂ ವಿದ್ಯುನ್ಮಾನ ವ್ಯವಸ್ಥೆಗೆ ಬಂದವು. ಇದರಿಂದ ಒಳ್ಳೆಯದೇ ಆಯಿತು. ನೋಟಿನ ಕಟ್ಟು ಹಿಡಿದು ಬಸ್ಸಿನಲ್ಲಿ ಹೆದರಿಕೊಂಡು ಬರುವುದು ತಪ್ಪಿತು. ಆದರೆ ನಂಬಿಕೆ ಮುಖದಿಂದ ಮೊಬೈಲಿಗೆ ಸ್ಥಳಾಂತರವಾಯಿತು. ಮನೆ ಬದಲಾಯಿಸಿದಾಗ ನಾವು ಬೀಗವನ್ನೂ ಬದಲಾಯಿಸುತ್ತೇವೆ. ನಂಬಿಕೆಯ ಮನೆ ಬದಲಾದಾಗ ಮಾತ್ರ ಹಳೆಯ ಬೀಗವನ್ನೇ ಇಟ್ಟುಕೊಂಡೆವು.

ಮಾಮು ಮನೆಯ ಮೂರು ದಿನ

ನನ್ನ ಮಾಮು ನಲವತ್ತು ವರ್ಷಗಳಿಂದ ರೀಲರ್. ಮನೆಯ ಹಿಂದೆಯೇ ಘಟಕ. ಲೆಕ್ಕ ಬರೆಯಲು, ಫೋನು ನೋಡಿಕೊಳ್ಳಲು ಒಬ್ಬ ಹುಡುಗನಿದ್ದಾನೆ. ಪಿಯುಸಿ ಮುಗಿಸಿದವನು, ಚುರುಕಿನವನು. ವ್ಯಾಪಾರಕ್ಕೂ ಮನೆಗೂ ಒಂದೇ ಮೊಬೈಲು.

ಒಂದು ಬುಧವಾರ ಸಂಜೆ ಆ ಮೊಬೈಲಿಗೆ ವಾಟ್ಸಾಪಿನಲ್ಲಿ ಒಂದು ಮದುವೆಯ ಆಮಂತ್ರಣ ಬಂತು. ಹುಡುಗ ಒತ್ತಿದ. ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ. ಮೊಬೈಲಿನೊಳಗೆ ತಾನೇ ನೆಲೆಯೂರುವ ಒಂದು ಆ್ಯಪ್. ಅದು ಕೇಳಿದ ಅನುಮತಿಗಳಿಗೆಲ್ಲ ಅವನು 'ಸರಿ' ಎಂದು ಒತ್ತುತ್ತಾ ಹೋದ. ಮೊಬೈಲಿನಲ್ಲಿದ್ದ ಹೆಸರುಗಳು, ನಂಬರುಗಳು, ಬರುವ ಸಂದೇಶಗಳು ಎಲ್ಲವೂ ಎಲ್ಲಿಗೋ ಹೋದವು. ವಾಟ್ಸಾಪಿನ ಆರಂಕಿ ಸಂಖ್ಯೆಯೂ ಹಾಗೇ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮಾಮು ಫೋನಿನಲ್ಲಿ ವಾಟ್ಸಾಪ್ ನಿಂತುಹೋಯಿತು. ಅದೇ ನಂಬರಿನ ವಾಟ್ಸಾಪ್ ಬೇರೆ ಯಾರದೋ ಕೈಯಲ್ಲಿ ಶುರುವಾಯಿತು.

ಏನೋ ತಪ್ಪಾಗಿದೆ ಎಂದು ಹುಡುಗನಿಗೆ ಆಗಲೇ ಗೊತ್ತಾಯಿತು. ಆ ಆ್ಯಪನ್ನು ಅಳಿಸಿ ಹಾಕಿದ. ಯಾರಿಗೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ, ಹದಿನೆಂಟು ವರ್ಷಗಳಿಂದ ನೂಲು ಕೊಳ್ಳುತ್ತಿದ್ದ ವ್ಯಾಪಾರಿಯೊಬ್ಬರಿಗೆ ಮಾಮು ನಂಬರಿನಿಂದ ಸಂದೇಶ ಹೋಯಿತು: ಹಳೆಯ ಖಾತೆಯಲ್ಲಿ ತೊಂದರೆಯಾಗಿದೆ, ಹಣವನ್ನು ಈ ಹೊಸ ಖಾತೆಗೆ ಹಾಕಿ. ಅವರು, "ಮೊನ್ನೆಯ ಲಾಟಿನ ಎರಡು ಲಕ್ಷ ನಲವತ್ತು ತಾನೇ?" ಎಂದು ಕೇಳಿದರು. "ಹೌದು ಭಾಯಿ" ಎಂದು ಉತ್ತರ ಬಂತು. ನೋಡಿ, ಎಷ್ಟು ಕೊಡಬೇಕೆಂಬುದು ಕಳ್ಳನಿಗೆ ಗೊತ್ತೇ ಇರಲಿಲ್ಲ. ಕೊಡುವವರೇ ಹೇಳಿದರು. ಹಣ ಹೋಯಿತು.

ಶುಕ್ರವಾರ ಮಧ್ಯಾಹ್ನ ಮಾಮು ಫೋನ್ ಮಾಡಿ ಹಣ ಕೇಳಿದಾಗ, "ನಿನ್ನೆಯೇ ಹಾಕಿದ್ದೇನಲ್ಲ" ಎಂದರು. ಮೊದಲು ನಗು, ಆಮೇಲೆ ಅನುಮಾನ, ಆಮೇಲೆ ಜಗಳ. ಹದಿನೆಂಟು ವರ್ಷಗಳ ಸ್ನೇಹದಲ್ಲಿ ಒಬ್ಬರು ಇನ್ನೊಬ್ಬರನ್ನು ಮೋಸಗಾರ ಎಂದು ಕರೆದರು. ನನಗೆ ಕರೆ ಬಂದಾಗ ಸಂಜೆಯಾಗಿತ್ತು. ತಕ್ಷಣ 1930ಕ್ಕೆ ದೂರು ಕೊಡಿಸಿದೆ. ಆ ವೇಳೆಗೆ ಹಣ ನಾಲ್ಕಾರು ಖಾತೆಗಳನ್ನು ದಾಟಿತ್ತು. ಸುಮಾರು ಎಪ್ಪತ್ತು ಸಾವಿರವನ್ನು ಮಾತ್ರ ಬ್ಯಾಂಕಿನವರು ತಡೆಹಿಡಿಯಲು ಸಾಧ್ಯವಾಯಿತು. ಅದು ಕೈಗೆ ಬರಲು ತಿಂಗಳುಗಳೇ ಹಿಡಿದವು.

ನಾನು ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಬುಧವಾರವೇ ಏಕೆ ಹೇಳಲಿಲ್ಲ?" ಅವನು ತಲೆ ತಗ್ಗಿಸಿದ. ಹಿಂದಿನ ತಿಂಗಳು ತೂಕ ಬರೆಯುವುದರಲ್ಲಿ ಅವನಿಂದ ಒಂದು ತಪ್ಪಾಗಿತ್ತಂತೆ. ಮಾಮು ಎಲ್ಲರೆದುರು ಬೈದು, ಸಂಬಳದಲ್ಲಿ ಹಿಡಿದುಕೊಂಡಿದ್ದರಂತೆ. "ಈ ಸಲ ಕೆಲಸದಿಂದಲೇ ತೆಗೆಯುತ್ತಾರೆ ಅಂತ ಹೆದರಿದೆ ಸಾರ್" ಎಂದ.

ಬಂಧುಗಳೇ, ಲೆಕ್ಕ ಹಾಕಿ ನೋಡಿ. ಮೋಸದ ಆ್ಯಪ್ ಬಂದದ್ದು ಬುಧವಾರ ಸಂಜೆ. ಹಣ ಹೋದದ್ದು ಗುರುವಾರ ಬೆಳಿಗ್ಗೆ. ನಡುವೆ ಒಂದು ಇಡೀ ರಾತ್ರಿ ಇತ್ತು. ಹುಡುಗ ಅಂದೇ ಬಾಯಿ ಬಿಟ್ಟಿದ್ದರೆ, ಹತ್ತು ಜನ ವ್ಯಾಪಾರಿಗಳಿಗೆ ಫೋನ್ ಮಾಡಿ ಎಚ್ಚರಿಸಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಎರಡು ಲಕ್ಷ ನಲವತ್ತು ಸಾವಿರವನ್ನು ಕದ್ದವನು ಯಾರೋ ಇರಬಹುದು. ಅವನಿಗೆ ಒಂದು ರಾತ್ರಿಯ ಸಮಯವನ್ನು ಕೊಟ್ಟದ್ದು ನಮ್ಮ ಮನೆಯ ಹೆದರಿಕೆ.

ಕಳ್ಳ ಬರುವ ಮೂರು ದಾರಿಗಳು

ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಸಂಸ್ಥೆಗಳಲ್ಲಿ ಏನಾಯಿತು ಎಂದು ನೋಡೋಣ. ಕಳ್ಳ ಬರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಮನುಷ್ಯನ ಮೂಲಕ. 2025ರ ಜುಲೈಯಲ್ಲಿ ಕ್ರಿಪ್ಟೋ ಹಣದ ವಹಿವಾಟು ನಡೆಸುವ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್, ಅಂದರೆ ಮುನ್ನೂರ ಎಪ್ಪತ್ತು ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಕಳುವಾಯಿತು. ಬೆಂಗಳೂರು ಪೊಲೀಸರ ತನಿಖೆಯಲ್ಲಿ ಕಂಡುಬಂದದ್ದೇನೆಂದರೆ, ನೌಕರನೊಬ್ಬನ ಕಚೇರಿಯ ಲ್ಯಾಪ್‌ಟಾಪಿನ ಮೂಲಕ ಕಳ್ಳರು ಒಳಗೆ ಬಂದಿದ್ದರು. ಆತ ಅದೇ ಲ್ಯಾಪ್‌ಟಾಪಿನಲ್ಲಿ ಹೊರಗಿನವರ ಬಿಡುವಿನ ವೇಳೆಯ ಕೆಲಸವನ್ನೂ ಮಾಡುತ್ತಿದ್ದನೆಂದು ಪೊಲೀಸರು ಹೇಳಿದರು. ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಗೋಡೆಗೆ ಒಂದು ಲ್ಯಾಪ್‌ಟಾಪು ಬಾಗಿಲಾಯಿತು. ಶಿಡ್ಲಘಟ್ಟದ ಹುಡುಗನ ಮೊಬೈಲಿಗೂ ಅದಕ್ಕೂ ಹಣದ ಮೊತ್ತದಲ್ಲಷ್ಟೇ ವ್ಯತ್ಯಾಸ.

ಎರಡನೆಯದು ಹಳೆಯ ಯಂತ್ರದ ಮೂಲಕ. 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ಕುತಂತ್ರಾಂಶ ಹರಡಲು ಶುರುವಾಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಬೀಗ ಹಾಕಿತು. ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂದಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತವು. ವಿಪರ್ಯಾಸವೆಂದರೆ ಅದಕ್ಕೆ ಔಷಧವನ್ನು ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳ ಹಿಂದೆಯೇ ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಉಳಿದರು, 'ನಾಳೆ ನೋಡೋಣ' ಎಂದವರು ಸಿಕ್ಕಿಬಿದ್ದರು. ನಮ್ಮಲ್ಲಿ ಎಷ್ಟೋ ಅಂಗಡಿಗಳಲ್ಲಿ ಟ್ಯಾಲಿ ಲೆಕ್ಕ ಇಂದಿಗೂ ವಿಂಡೋಸ್ 7ರ ಮೇಲೆ ನಡೆಯುತ್ತಿದೆ. ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹುಳು ಸಾಕುವ ಮನೆಗೆ ಪ್ರತಿ ಬೆಳೆಗೂ ಮೊದಲು ಬ್ಲೀಚಿಂಗ್ ಪುಡಿ ಹಾಕಿ ಸೋಂಕು ತೆಗೆಯುವ ನಾವು, ಇಡೀ ವರ್ಷದ ಲೆಕ್ಕ ಇರುವ ಯಂತ್ರವನ್ನು ಹಾಗೆಯೇ ಬಿಡುತ್ತೇವೆ.

ಮೂರನೆಯದು ಬೇರೆಯವರ ಮೂಲಕ. ಇದು ಅರ್ಥವಾಗುವುದು ಸ್ವಲ್ಪ ಕಷ್ಟ, ಆದರೆ ರೇಷ್ಮೆ ಬಲ್ಲವರಿಗೆ ಸುಲಭ. ಗಂಟು ರೋಗ ಗೊತ್ತಲ್ಲ? ನೀವು ಮನೆಯನ್ನು ಎಷ್ಟೇ ಸ್ವಚ್ಛವಾಗಿಡಿ, ತಾಯಿ ಚಿಟ್ಟೆಗೆ ರೋಗವಿದ್ದರೆ ಅದು ಮೊಟ್ಟೆಯ ಜೊತೆಗೇ ನಿಮ್ಮ ಮನೆಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಇದರಿಂದ ನೆಲಕಚ್ಚಿದಾಗ ವಿಜ್ಞಾನಿ ಲೂಯಿ ಪಾಶ್ಚರ್ ಕಂಡುಕೊಂಡ ಉಪಾಯ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ಮಾಡುವುದು ಅದನ್ನೇ. ವ್ಯಾಪಾರದಲ್ಲೂ ನಾವು ಬೇರೆಯವರಿಂದ ತಂದುಕೊಳ್ಳುವ ತಂತ್ರಾಂಶ, ಸೇವೆ, ಲೆಕ್ಕಿಗರು, ಕಂಪ್ಯೂಟರ್ ರಿಪೇರಿಯವರು ಎಲ್ಲರೂ ಮೊಟ್ಟೆಗಳಿದ್ದಂತೆ.

2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ತಂತ್ರಜ್ಞಾನ ಸಂಸ್ಥೆಯ ಮೇಲೆ ದಾಳಿಯಾಯಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಆ ಸಂಸ್ಥೆಯ ಸೇವೆಯನ್ನು ಅವಲಂಬಿಸಿದ್ದ ಸುಮಾರು 300 ಸಣ್ಣ ಸಹಕಾರಿ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆಗಳು ತಾತ್ಕಾಲಿಕವಾಗಿ ನಿಂತುಹೋದವು. ಆ ಬ್ಯಾಂಕುಗಳು ಯಾವ ತಪ್ಪನ್ನೂ ಮಾಡಿರಲಿಲ್ಲ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ. 2023ರಲ್ಲಿ ಬೆಂಗಳೂರು, ಮಂಗಳೂರು ಮುಂತಾದ ಕಡೆ ಜಮೀನು, ಮನೆ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಓಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಹಣ ತೆಗೆದಿದ್ದರೆಂದು ಪೊಲೀಸರ ತನಿಖೆಯಿಂದ ತಿಳಿಯಿತು. ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲಾಗುವುದಿಲ್ಲ. ಆದ್ದರಿಂದ ನಿಮ್ಮ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಬಳಸಿಕೊಳ್ಳಿ. ಅದು ಉಚಿತವಾಗಿ ದೊರೆಯುತ್ತದೆ. ಬೇಕಾದಾಗ ತೆಗೆದು ಮತ್ತೆ ಹಾಕಬಹುದು.

ಹೊಸ ತಂತ್ರಜ್ಞಾನ, ಹೊಸ ಅಪಾಯ

ಇಷ್ಟು ದಿನ ನಾವು ಒಂದು ಮಾತನ್ನು ಹೇಳುತ್ತಿದ್ದೆವು: "ಸಂದೇಶವನ್ನು ನಂಬಬೇಡಿ, ಧ್ವನಿ ಕೇಳಿ ಖಚಿತಪಡಿಸಿಕೊಳ್ಳಿ." ಈಗ ಅದೂ ಸಾಲದು. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಅರೂಪ್ ಎಂಬ ಹೆಸರಾಂತ ಎಂಜಿನಿಯರಿಂಗ್ ಸಂಸ್ಥೆಯ ನೌಕರರೊಬ್ಬರಿಗೆ ಹಣಕಾಸು ಮುಖ್ಯಸ್ಥರ ಹೆಸರಿನಲ್ಲಿ ಸಂದೇಶ ಬಂತು. ಅವರು ಮೊದಲು ಅನುಮಾನಪಟ್ಟರು. ಆಮೇಲೆ ವಿಡಿಯೋ ಸಭೆಯಲ್ಲಿ ಮುಖ್ಯಸ್ಥರೂ ಸಹೋದ್ಯೋಗಿಗಳೂ ಕಾಣಿಸಿಕೊಂಡು ಮಾತನಾಡಿದಾಗ ನಂಬಿದರು. ಹದಿನೈದು ಕಂತುಗಳಲ್ಲಿ ಸುಮಾರು ಎರಡೂವರೆ ಕೋಟಿ ಡಾಲರ್ ಕಳುಹಿಸಿದರು. ಆ ಸಭೆಯಲ್ಲಿ ಅವರನ್ನು ಬಿಟ್ಟರೆ ಉಳಿದವರೆಲ್ಲ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ ಮುಖಗಳು, ನಕಲಿ ಧ್ವನಿಗಳು.

ಹಾಗಾದರೆ ಯಾರನ್ನು ನಂಬುವುದು? ಮುಖವನ್ನಲ್ಲ, ಧ್ವನಿಯನ್ನಲ್ಲ, ವಿಧಾನವನ್ನು ನಂಬಿ. ಅವರು ಮಾಡಿದ ಕರೆಯಲ್ಲಿ ಖಚಿತಪಡಿಸಿಕೊಳ್ಳಬೇಡಿ. ಅದನ್ನು ಕಡಿದು, ನಿಮ್ಮ ಹಳೆಯ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ನೀವೇ ಕರೆ ಮಾಡಿ. ಆ ನೌಕರರು ಹೀಗೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ಮಾಮು ಅವರ ಸ್ನೇಹಿತರು ಮಾಡಿದ್ದರೂ ಸಾಕಿತ್ತು.

ಇನ್ನೊಂದು ಅಪಾಯ ನಾವೇ ಕೈಯಾರೆ ಕೊಡುವುದು. ಚಾಟ್‌ಜಿಪಿಟಿಯಂಥ ಸಾಧನಗಳು ಪತ್ರ ಬರೆಯಲು, ಲೆಕ್ಕ ನೋಡಲು ಬಹಳ ಉಪಯುಕ್ತ. ಆದರೆ 2023ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಎಂಜಿನಿಯರುಗಳು ಕಂಪನಿಯ ಗುಟ್ಟಿನ ತಂತ್ರಾಂಶ ಸಂಕೇತವನ್ನೇ ಅದರೊಳಗೆ ಹಾಕಿದ್ದು ತಿಳಿದು, ಸಂಸ್ಥೆ ಅಂಥ ಸಾಧನಗಳ ಬಳಕೆಗೆ ನಿರ್ಬಂಧ ಹೇರಬೇಕಾಯಿತು. ನಿಮ್ಮ ಗ್ರಾಹಕರ ಪಟ್ಟಿ, ಬಾಕಿ ಲೆಕ್ಕ, ಆಧಾರ್ ಪ್ರತಿಗಳನ್ನು ಅಲ್ಲಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಲು ನಾನು ಒಪ್ಪುತ್ತೇನೆಯೇ?

ಕಳ್ಳನೇ ಇಲ್ಲದ ಅಪಾಯವೂ ಉಂಟು. 2024ರ ಜುಲೈ 19ರಂದು ಭದ್ರತೆಗೆಂದೇ ಇದ್ದ ಕ್ರೌಡ್‌ಸ್ಟ್ರೈಕ್ ತಂತ್ರಾಂಶದ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಪಾಸುಗಳನ್ನು ಕೊಟ್ಟರು. ಪೆನ್ನು ಕಾಗದ ಇಟ್ಟುಕೊಂಡವರ ಕೆಲಸ ನಡೆಯಿತು. ನಿಮ್ಮ ಅಂಗಡಿಯಲ್ಲೂ ಒಂದು ದಿನ ಯಂತ್ರ ನಿಂತರೆ ವ್ಯಾಪಾರ ಹೇಗೆ ನಡೆಯಬೇಕೆಂದು ಇಂದೇ ಯೋಚಿಸಿಡಿ.

ಅಂಗಡಿಯಲ್ಲಿ ಮಾಡಬೇಕಾದದ್ದು

ಅಪಾಯ ನಿರ್ವಹಣೆ ಎಂದರೆ ದೊಡ್ಡ ಪದ. ಅದಕ್ಕೆ ಬೇಕಾದದ್ದು ಒಂದು ಹಾಳೆ. ನಾಲ್ಕು ಮನೆ ಎಳೆಯಿರಿ. ನಮ್ಮ ಹತ್ತಿರ ಏನಿದೆ, ಅದಕ್ಕೆ ಏನಾಗಬಹುದು, ಆದರೆ ಎಷ್ಟು ನಷ್ಟ, ತಡೆಯಲು ಏನು ಮಾಡಿದ್ದೇವೆ. ಮನೆಯವರು, ಕೆಲಸದವರು ಎಲ್ಲರೂ ಕುಳಿತು ತುಂಬಿ. ದೊಡ್ಡ ಕಂಪನಿಗಳಲ್ಲಿ ನಾವು ಮಾಡುವುದೂ ಇದನ್ನೇ, ಹಾಳೆಗಳು ಮಾತ್ರ ಹೆಚ್ಚು. ಎಲ್ಲ ಅಪಾಯವನ್ನೂ ತಡೆಯಲಾಗದು. ದೊಡ್ಡ ನಷ್ಟ ತರುವುದನ್ನು ಮೊದಲು ತಡೆಯಬೇಕು. ನನ್ನ ಅನುಭವದಲ್ಲಿ ಸಣ್ಣ ವ್ಯಾಪಾರಕ್ಕೆ ಈ ಆರು ನಿಯಮಗಳು ಸಾಕು.

1. ಖಾತೆ ನಂಬರು ಬದಲಾಗಿದೆ ಎಂಬ ಸಂದೇಶ ಯಾರಿಂದ ಬಂದರೂ, ಹಳೆಯ ನಂಬರಿಗೆ ನೀವೇ ಕರೆ ಮಾಡಿ ಕೇಳದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಿಮ್ಮ ಗ್ರಾಹಕರಿಗೂ ಇದನ್ನೇ ಹೇಳಿ. ಬಿಲ್ಲಿನ ಕೆಳಗೆ "ನಮ್ಮ ಖಾತೆ ಬದಲಾದರೆ ನಾವೇ ಬಂದು ತಿಳಿಸುತ್ತೇವೆ" ಎಂದು ಅಚ್ಚು ಹಾಕಿಸಿ.

2. ನೀವೇ ಒಂದು ಮೊತ್ತವನ್ನು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಿನ ಹಣ ಹೋಗುವಾಗ ಇಬ್ಬರು ನೋಡಬೇಕೆಂದು ನಿಯಮ ಮಾಡಿ. ಒಬ್ಬರು ಸಿದ್ಧಪಡಿಸಲಿ, ಇನ್ನೊಬ್ಬರು ಒಪ್ಪಲಿ. ಇದು ನಮಗೆ ಹೊಸದಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂಬ ಆದೇಶ ಸೂರಃ ಅಲ್ ಬಕರದಲ್ಲೇ ಇದೆ. ಸಾಕ್ಷಿಯನ್ನು ಇಟ್ಟುಕೊಳ್ಳುವುದು ಎದುರಿನವರ ಮೇಲಿನ ಅಪನಂಬಿಕೆಯಿಂದಲ್ಲ, ಇಬ್ಬರ ರಕ್ಷಣೆಗಾಗಿ.

3. ವ್ಯಾಪಾರದ ಫೋನು ಬೇರೆ, ಮಕ್ಕಳು ಆಡುವ ಫೋನು ಬೇರೆ ಇರಲಿ. ವಾಟ್ಸಾಪಿನಲ್ಲಿ ಬಂದ ಆ್ಯಪ್‌ಗಳನ್ನು ಎಂದೂ ಹಾಕಬೇಡಿ, ಅದು ಮದುವೆಯ ಕರೆಯೋಲೆಯಾಗಲಿ, ಸಂಚಾರ ದಂಡದ ನೋಟಿಸಾಗಲಿ. ವಾಟ್ಸಾಪಿನ ಎರಡು ಹಂತದ ಪರಿಶೀಲನೆಯ ಪಿನ್ ಇಂದೇ ಹಾಕಿ. ಮಾಮು ಫೋನಿನಲ್ಲಿ ಅದಿದ್ದಿದ್ದರೆ ಆರಂಕಿ ಸಂಖ್ಯೆಯೊಂದರಿಂದಲೇ ಕಳ್ಳನಿಗೆ ಅವರ ವಾಟ್ಸಾಪ್ ಸಿಗುತ್ತಿರಲಿಲ್ಲ.

4. ಲೆಕ್ಕದ ಮೂರು ಪ್ರತಿಗಳಿರಲಿ. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಒಂದು ಪ್ರತಿಯಾದರೂ ಯಂತ್ರಕ್ಕೆ ಸದಾ ಜೋಡಿಸಿಟ್ಟದ್ದಾಗಿರಬಾರದು. ಜೋಡಿಸಿದ್ದರೆ ಅದಕ್ಕೂ ಬೀಗ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿ.

5. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ. ಕೆಲಸ ಬಿಟ್ಟುಹೋದವರ ಪಾಸ್‌ವರ್ಡನ್ನು ಅಂದೇ ತೆಗೆಯಿರಿ. ದಿನದ ವಹಿವಾಟಿಗೆ ಒಂದು ಖಾತೆ, ಬಂಡವಾಳಕ್ಕೆ ಇನ್ನೊಂದು ಖಾತೆ ಇಟ್ಟುಕೊಳ್ಳಿ. ಎರಡನೆಯದನ್ನು ಫೋನಿಗೆ ಜೋಡಿಸಬೇಡಿ.

6. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕ್ಯೂಆರ್ ಚೀಟಿಯ ಮೇಲೆ ಬೇರೆಯವರ ಚೀಟಿ ಅಂಟಿದೆಯೇ ನೋಡಿ. ಗ್ರಾಹಕರು ತೋರಿಸುವ ಪರದೆಯನ್ನು ನಂಬಬೇಡಿ, ನಿಮ್ಮ ಖಾತೆಗೆ ಬಂದಿದೆಯೇ ನೋಡಿ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ.

ಹಣ ಹೋದ ಮೇಲೆ

ಇಷ್ಟೆಲ್ಲ ಮಾಡಿದರೂ ಹೋಗಬಹುದು. ಆಗ ಮೊದಲ ಗಂಟೆಯೇ ಮುಖ್ಯ. ಕಳ್ಳ ಹಣವನ್ನು ಒಂದು ಖಾತೆಯಲ್ಲಿ ಇಡುವುದಿಲ್ಲ. ಒಂದರಿಂದ ನಾಲ್ಕಕ್ಕೆ, ನಾಲ್ಕರಿಂದ ಹತ್ತಕ್ಕೆ ಹರಿಸುತ್ತಾನೆ. ಅದು ಬ್ಯಾಂಕಿನೊಳಗೇ ಇರುವಾಗ ತಡೆಯಬೇಕು. ಅದಕ್ಕೇ ಇರುವುದು 1930 ಎಂಬ ರಾಷ್ಟ್ರೀಯ ಸಹಾಯವಾಣಿ. ಜೊತೆಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ಕೊಡಬಹುದು. ನಿಮ್ಮ ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆ ಇದೆ. ಹಿಂಜರಿಯಬೇಡಿ.

ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆ ಒಂದು ಮುಖ್ಯ ಮಾತನ್ನು ಹೇಳಿತು. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರ ಕೈವಾಡದಿಂದ ಖಾತೆಯಿಂದ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊಣೆ ಇಲ್ಲ. ತಡವಾದಷ್ಟೂ ಹೊಣೆ ಹೆಚ್ಚು. ಗ್ರಾಹಕರೇ ಓಟಿಪಿ, ಪಿನ್ ಹೇಳಿಬಿಟ್ಟಿದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ಬೇಗ ಹೇಳಿದವನಿಗೆ ರಕ್ಷಣೆ ಇದೆ. ಕಾನೂನಿನ ದಾರಿಯೂ ಉಂಟು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳಡಿ ಇನ್ನೊಬ್ಬರ ಗುರುತು ಕದಿಯುವುದು, ಗಣಕಯಂತ್ರ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದು ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧಗಳು.

ವ್ಯಾಪಾರಿಗಳ ಮೇಲೂ ಹೊಣೆ ಇದೆ. ಗ್ರಾಹಕರ ಮಾಹಿತಿಯನ್ನು ಕಾಪಾಡುವುದಕ್ಕೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಸೂಕ್ತ ರಕ್ಷಣೆ ಮಾಡದೆ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಗ್ರಾಹಕರು ನಮ್ಮ ಕೈಗೆ ಕೊಟ್ಟ ಹೆಸರು, ನಂಬರು, ಆಧಾರ್ ಪ್ರತಿ ಇವೆಲ್ಲ ಅಮಾನತ್. ದಂಡಕ್ಕೆ ಹೆದರಿ ಕಾಯುವುದಕ್ಕಿಂತ ಅಮಾನತ್ ಎಂದು ಕಾಯುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೆ

ಮಕ್ಕಳೇ, ನಿಮಗೆ ಎರಡು ಮಾತು. ಮೊದಲನೆಯದು ಎಚ್ಚರಿಕೆ. ಮಾಮು ಅವರ ಹಣ ಹೋದ ಖಾತೆ ಯಾರದೆಂದು ಆಮೇಲೆ ತಿಳಿಯಿತು. ದೂರದ ಊರಿನ ಒಬ್ಬ ಕಾಲೇಜು ಹುಡುಗನದು. ಅವನು ಕಳ್ಳನಲ್ಲ. ಯಾರೋ ಗುರುತಿನವರು "ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದಾಗ ಕೊಟ್ಟವನು. ಇಂದು ಅವನ ಹೆಸರು ಪೊಲೀಸರ ಕಡತದಲ್ಲಿದೆ. ನಿಮ್ಮ ಬ್ಯಾಂಕ್ ಖಾತೆಯನ್ನು, ಸಿಮ್ಮನ್ನು ಎಷ್ಟೇ ಹಣಕ್ಕೂ, ಯಾವ ಸ್ನೇಹಿತನಿಗೂ ಕೊಡಬೇಡಿ. 'ಮನೆಯಲ್ಲೇ ಕುಳಿತು ಕೆಲಸ, ಬಂದ ಹಣವನ್ನು ಮುಂದೆ ಕಳುಹಿಸಿದರೆ ಕಮಿಷನ್' ಎಂದರೆ ಅದು ಕೆಲಸವಲ್ಲ, ಕದ್ದ ಹಣವನ್ನು ಹೊರುವ ಕೂಲಿ. ಉದ್ಯೋಗ ಕೊಡುವ ಮೊದಲು ನಿಮ್ಮ ಬಗ್ಗೆ ವಿಚಾರಿಸುವ ಕಂಪನಿಗಳಿಗೆ ಅದು ತಿಳಿದುಬರಬಹುದು.

ಎರಡನೆಯದು ಆಸೆ. ಇದು ಎಂಜಿನಿಯರಿಂಗ್ ಓದಿದವರಿಗೆ ಮಾತ್ರ ತೆರೆದ ಕ್ಷೇತ್ರವಲ್ಲ. ಬಿಕಾಂ ಓದಿದವರು ಲೆಕ್ಕ ಪರಿಶೋಧನೆಯ ಕಣ್ಣಿನಿಂದ ಇದನ್ನು ನೋಡಬಹುದು, ಕಾನೂನು ಓದಿದವರು ಕಾನೂನಿನ ಕಣ್ಣಿನಿಂದ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ವಾರವೇ ನಿಮ್ಮ ಅಬ್ಬಾ ಅವರ ಫೋನು ತೆಗೆದುಕೊಂಡು ವಾಟ್ಸಾಪಿಗೆ ಪಿನ್ ಹಾಕಿಕೊಡಿ. ಅಮ್ಮಿಯವರ ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕಿಕೊಡಿ. ಗೋಡೆಯ ಮೇಲೆ ದೊಡ್ಡದಾಗಿ 1930 ಎಂದು ಬರೆಯಿರಿ. ಸೈಬರ್ ಭದ್ರತೆಯ ನಿಮ್ಮ ಮೊದಲ ಕೆಲಸ ಅದು.

ಕೊನೆಯ ಮಾತು

ಮಾಮು ಕಥೆ ಏನಾಯಿತು ಎಂದು ನೀವು ಕೇಳಬಹುದು. ನಷ್ಟವನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಮಾತು ನಿಂತದ್ದು ಈದ್ ದಿನ ಮತ್ತೆ ಶುರುವಾಯಿತು. ಹುಡುಗನನ್ನು ಮಾಮು ತೆಗೆಯಲಿಲ್ಲ. ತೆಗೆಯಬೇಕೆಂದೇ ಇದ್ದರು, ನಾನು ಕೇಳಿಕೊಂಡೆ. ಕೆಲವು ದಿನಗಳ ನಂತರ ಮಾಮು ಎಲ್ಲರನ್ನೂ ಕೂರಿಸಿ ಹೇಳಿದರಂತೆ: "ಫೋನಿನಲ್ಲಿ, ಲೆಕ್ಕದಲ್ಲಿ ತಪ್ಪಾದರೆ ಅದೇ ಗಳಿಗೆಯಲ್ಲಿ ಬಂದು ಹೇಳಿ. ಹೇಳಿದವರಿಗೆ ನಾನು ಬೈಯುವುದಿಲ್ಲ. ಬಚ್ಚಿಟ್ಟರೆ ಮಾತ್ರ ಬೈಯುತ್ತೇನೆ."

ಆ ಮೇಲೆ ಎರಡು ಸಲ ಅಂಥ ಸಂದೇಶಗಳು ಬಂದವು. ಎರಡು ಸಲವೂ ಹುಡುಗ ಓಡಿ ಬಂದು ತೋರಿಸಿದ. ಒಂದು ಪೈಸೆಯೂ ಹೋಗಲಿಲ್ಲ. ಬೆಂಗಳೂರಿನಲ್ಲಿ ನಾನು ಕಂಪನಿಗಳಿಗೆ ಲಕ್ಷಾಂತರ ರೂಪಾಯಿಯ ಭದ್ರತಾ ಸಾಧನಗಳನ್ನು ಶಿಫಾರಸು ಮಾಡುತ್ತೇನೆ. ಆದರೆ ನನ್ನ ಮಾಮು ಖರ್ಚಿಲ್ಲದೆ ಮಾಡಿದ ಈ ಏರ್ಪಾಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಆದ್ದರಿಂದ ವ್ಯಾಪಾರಿಗಳಲ್ಲಿ, ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಬೀಗ ಹಾಕಿ, ಪಿನ್ ಹಾಕಿ, ಪ್ರತಿ ತೆಗೆದಿಡಿ. ಎಲ್ಲಕ್ಕಿಂತ ಮೊದಲು, ತಪ್ಪು ಮಾಡಿದವನು ನಿಮ್ಮ ಹತ್ತಿರ ಧೈರ್ಯವಾಗಿ ಬಂದು ಹೇಳುವಂತೆ ನಡೆದುಕೊಳ್ಳಿ. ಆ ಒಂದು ರಾತ್ರಿಯನ್ನು ಕಳ್ಳನಿಗೆ ಕೊಡಬೇಡಿ.